ಲಂಗರ್ ನಿಂತಿಲ್ಲ, ಚುನಾವಣೆ ನಿಂತಿದೆ: ಗುರುದ್ವಾರಗಳನ್ನು ನಡೆಸುವವರು ಯಾರು?

ಬೀದರ್‌ನ ನಾನಕ್ ಝೀರಾ ಸಾಹಿಬ್‌ಗೆ ಹೋಗಿ ಲಂಗರ್‌ನಲ್ಲಿ ಊಟ ಮಾಡಿದವರಿಗೆ ಒಂದು ವಿಷಯ ಮನಸ್ಸಲ್ಲಿ ಉಳಿದಿರುತ್ತದೆ. ತಲೆಗೆ ಬಟ್ಟೆ ಕಟ್ಟಿಕೊಂಡು ನೆಲದ ಮೇಲೆ ಸಾಲಾಗಿ ಕೂತಿರುತ್ತೀರಿ. ಮುಂದೆ ಸ್ಟೀಲ್ ತಟ್ಟೆ. ಬಕೆಟ್ ಹಿಡಿದು ಬಂದವರು ದಾಲ್, ಪಲ್ಯ ಬಡಿಸಿ ಮುಂದೆ ಹೋಗುತ್ತಾರೆ. ಆದರೆ ರೋಟಿಯನ್ನು ತಟ್ಟೆಗೆ ಹಾಕುವುದಿಲ್ಲ. ಸೇವಾದಾರರು ನಿಮ್ಮೆದುರು ಬಗ್ಗಿ ನಿಲ್ಲುತ್ತಾರೆ. ನೀವು ಎರಡೂ ಕೈ ಚಾಚಬೇಕು. ಆಗ ಬೊಗಸೆಗೆ ಇಡುತ್ತಾರೆ. ಅದಕ್ಕೆ ಅಲ್ಲಿ ರೋಟಿ ಅಂತಲೂ ಹೇಳುವುದಿಲ್ಲ, ಪರ್ಶಾದಾ ಅನ್ನುತ್ತಾರೆ. ಅಂದರೆ ಪ್ರಸಾದ. ಪಕ್ಕದಲ್ಲಿ ಲಾರಿ ಡ್ರೈವರ್ ಕೂತಿರಲಿ, ಕಾಲೇಜು ಹುಡುಗ ಕೂತಿರಲಿ, ಕೈ ಚಾಚುವ ರೀತಿ ಒಂದೇ.

ಊಟ ಮುಗಿಸಿ ಹೊರಗೆ ಬರುವಾಗ ನಮ್ಮವರು ಸಾಮಾನ್ಯವಾಗಿ ಕೇಳುವ ಪ್ರಶ್ನೆಗಳು ಎರಡು. ದಿನಾ ಇಷ್ಟು ಜನಕ್ಕೆ ಊಟ ಹಾಕೋಕೆ ದುಡ್ಡು ಎಲ್ಲಿಂದ ಬರುತ್ತೆ? ಇದನ್ನು ನಡೆಸೋರು ಯಾರು, ಮುಜರಾಯಿ ಇಲಾಖೆಯಾ?

ಮುಜರಾಯಿ ಅಲ್ಲ. ಬೀದರ್ ಗುರುದ್ವಾರಕ್ಕೆ ಅದರದ್ದೇ ಪ್ರಬಂಧಕ ಕಮಿಟಿ ಇದೆ. ಆದರೆ ಸಿಖ್ಖರ ನಾಡಾದ ಪಂಜಾಬಿನಲ್ಲಿ ಇದೇ ಪ್ರಶ್ನೆ ಕೇಳಿದರೆ ಉತ್ತರ ಬೇರೆ. ಅಲ್ಲಿನ ಚಾರಿತ್ರಿಕ ಗುರುದ್ವಾರಗಳನ್ನು ನಡೆಸುವುದು ಜನರೇ ವೋಟು ಹಾಕಿ ಆರಿಸಿದ ಸಂಸ್ಥೆ. ಅದರ ಹೆಸರು ಶಿರೋಮಣಿ ಗುರುದ್ವಾರ ಪ್ರಬಂಧಕ ಕಮಿಟಿ, ಚಿಕ್ಕದಾಗಿ ಎಸ್‌ಜಿಪಿಸಿ. ಅರ್ಚಕರ ಮನೆತನವಲ್ಲ, ಧರ್ಮದರ್ಶಿಗಳ ಕುಟುಂಬವಲ್ಲ, ಸರ್ಕಾರಿ ಇಲಾಖೆಯೂ ಅಲ್ಲ. ಭಕ್ತರೇ ಮತದಾರರು. ನೂರು ವರ್ಷದ ಹಿಂದೆಯೇ ಇಂಥದ್ದೊಂದು ವ್ಯವಸ್ಥೆ ಮಾಡಿಕೊಂಡ ಸಮುದಾಯ ನಮ್ಮ ದೇಶದಲ್ಲಿ ಇದೆ ಅನ್ನುವುದೇ ದೊಡ್ಡ ವಿಷಯ.

ಈಗಿನ ತೊಂದರೆಯೂ ಅಲ್ಲೇ ಇದೆ. ಐದು ವರ್ಷಕ್ಕೊಮ್ಮೆ ನಡೆಯಬೇಕಾದ ಆ ಚುನಾವಣೆ ಕೊನೆಯ ಬಾರಿ ನಡೆದದ್ದು 2011ರ ಸೆಪ್ಟೆಂಬರ್ 18ರಂದು. 2025 ಮುಗಿದರೂ ಮತ್ತೆ ನಡೆಯಲಿಲ್ಲ.

ಸೌದೆಗಾಗಿ ಶುರುವಾದ ಹೋರಾಟ

ಈ ವೋಟು ಸುಮ್ನೆ ಸಿಕ್ಕಿದ್ದಲ್ಲ. ಇಪ್ಪತ್ತನೇ ಶತಮಾನದ ಆರಂಭದಲ್ಲಿ ಬಹಳಷ್ಟು ಗುರುದ್ವಾರಗಳು ಮಹಂತರ ಕೈಯಲ್ಲಿದ್ದವು. ಜಮೀನಿನ ಆದಾಯ ಅವರ ಮನೆ ಆಸ್ತಿಯಂತಾಗಿತ್ತು. ಅಮೃತಸರದ ದರ್ಬಾರ್ ಸಾಹಿಬ್, ಅಂದರೆ ಸ್ವರ್ಣಮಂದಿರದ ಉಸ್ತುವಾರಿ ಬ್ರಿಟಿಷ್ ಸರ್ಕಾರ ನೇಮಿಸಿದ ಸರ್‌ಬರಾಹನದ್ದು. ಜಲಿಯನ್‌ವಾಲಾ ಬಾಗ್‌ನಲ್ಲಿ ಗುಂಡು ಹಾರಿಸಿದ ಡಯರ್‌ಗೆ ಅದೇ ದರ್ಬಾರ್ ಸಾಹಿಬ್‌ನಲ್ಲಿ ಸನ್ಮಾನ ಮಾಡಿದ್ದು ಸಿಖ್ಖರ ಎದೆಗೆ ನಾಟಿತು.

1920ರ ಅಕ್ಟೋಬರ್ 12ರಂದು ಇನ್ನೊಂದು ಘಟನೆ ನಡೆಯಿತು. ಆಗ ಅಸ್ಪೃಶ್ಯರೆಂದು ಕರೆಸಿಕೊಳ್ಳುತ್ತಿದ್ದ ಸಮುದಾಯಗಳ ಜನ ಅಮೃತ ಸ್ವೀಕರಿಸಿ, ದೀಕ್ಷೆ ಪಡೆದ ಸಿಖ್ಖರ ಬಳಗವಾದ ಖಾಲ್ಸಾ ಸೇರಿದರು. ಕಡಾ ಪ್ರಸಾದ ಹಿಡಿದುಕೊಂಡು ದರ್ಬಾರ್ ಸಾಹಿಬ್‌ಗೆ ಬಂದರು. ಪೂಜಾರಿಗಳು ಮುಟ್ಟಲು ಒಪ್ಪಲಿಲ್ಲ. ವಾದ ಬೆಳೆಯಿತು. ಕೊನೆಗೆ ಗುರು ಗ್ರಂಥ ಸಾಹಿಬ್‌ನ್ನೇ ಕೇಳೋಣ ಎಂದಾಯಿತು. ಗ್ರಂಥ ತೆರೆದಾಗ ಬಂದ ಶಬದ್‌ನ, ಅಂದರೆ ಪದದ, ಅರ್ಥ ಹೀಗಿತ್ತು: ಗುಣವಿಲ್ಲದವರನ್ನೂ ಆತನೇ ಕ್ಷಮಿಸಿ ಗುರುವಿನ ಸೇವೆಗೆ ಹಚ್ಚುತ್ತಾನೆ. ಪ್ರಸಾದ ಒಪ್ಪಲೇಬೇಕಾಯಿತು. ಅಲ್ಲಿಂದ ಆ ಗುಂಪು ಎದುರಿನ ಅಕಾಲ್ ತಖ್ತ್ ಎಂಬ ಧರ್ಮಪೀಠಕ್ಕೆ ನಡೆದಾಗ ಅಲ್ಲಿನ ಪೂಜಾರಿಗಳು ಜಾಗ ಬಿಟ್ಟು ಹೋಗಿದ್ದರು. ಅದಾದ ಒಂದು ತಿಂಗಳಲ್ಲಿ, ನವೆಂಬರ್ 15ರಂದು, ಎಸ್‌ಜಿಪಿಸಿ ಹುಟ್ಟಿತು. ಒಂದು ತಟ್ಟೆ ಪ್ರಸಾದವನ್ನು ಯಾರ ಕೈಯಿಂದ ತೆಗೆದುಕೊಳ್ಳಬೇಕು ಎಂಬ ಜಗಳದ ಬೆನ್ನಲ್ಲೇ ಹುಟ್ಟಿದ ಸಂಸ್ಥೆ ಅದು.

ಮುಂದಿನ ಐದು ವರ್ಷ ರಕ್ತ ಹರಿಯಿತು. 1921ರ ಫೆಬ್ರವರಿ 20ರಂದು ಗುರು ನಾನಕರ ಹುಟ್ಟೂರು ನನಕಾನಾ ಸಾಹಿಬ್‌ನಲ್ಲಿ ಮಹಂತ ನಾರಾಯಣ ದಾಸನ ಬಂಟರು ನೂರಕ್ಕೂ ಹೆಚ್ಚು ಸಿಖ್ಖರನ್ನು ಕೊಂದರು. 1922ರ ಆಗಸ್ಟ್‌ನಲ್ಲಿ ಅಮೃತಸರದ ಹತ್ತಿರದ ಗುರು ಕಾ ಬಾಗ್‌ನಲ್ಲಿ ಐದು ಜನರ ಬಂಧನವಾಯಿತು. ಅವರ ಮೇಲಿದ್ದ ಆರೋಪ ಕೇಳಿ: ಲಂಗರ್ ಒಲೆಗೆ ಗುರುದ್ವಾರದ ಜಮೀನಿನಲ್ಲಿ ಸೌದೆ ಕಡಿದದ್ದು. ಜಮೀನು ಮಹಂತನ ಖಾಸಗಿ ಆಸ್ತಿ ಎಂದಿತು ಸರ್ಕಾರ. ಆಮೇಲೆ ದಿನಕ್ಕೊಂದು ತಂಡ ಅಕಾಲ್ ತಖ್ತ್‌ನಲ್ಲಿ ಕೈ ಎತ್ತುವುದಿಲ್ಲ ಎಂದು ಪ್ರತಿಜ್ಞೆ ಮಾಡಿ ಅಲ್ಲಿಗೆ ನಡೆದುಕೊಂಡು ಹೋಗತೊಡಗಿತು. ಪೊಲೀಸರು ಲಾಠಿಯಿಂದ ಹೊಡೆಯುತ್ತಿದ್ದರು. ಬಿದ್ದವರು ಎದ್ದು ಮತ್ತೆ ನಿಲ್ಲುತ್ತಿದ್ದರು. ಗಾಂಧೀಜಿಯ ಗೆಳೆಯ ಸಿ.ಎಫ್. ಆಂಡ್ರ್ಯೂಸ್ ಇದನ್ನು ಕಣ್ಣಾರೆ ನೋಡಿ ಜಗತ್ತಿಗೆ ತಿಳಿಸಿದರು. 5,000ಕ್ಕೂ ಹೆಚ್ಚು ಜನ ಜೈಲಿಗೆ ಹೋದರು.

ಆ ಕೈದಿಗಳನ್ನು ಹೊತ್ತ ಒಂದು ರೈಲು 1922ರ ಅಕ್ಟೋಬರ್ 30ರಂದು ಪಂಜಾ ಸಾಹಿಬ್ ಗುರುದ್ವಾರವಿರುವ ಹಸನ್ ಅಬ್ದಾಲ್ ಸ್ಟೇಷನ್ ದಾಟಿ ಹೋಗಬೇಕಿತ್ತು. ಊರಿನ ಸಂಗತ್, ಅಂದರೆ ಭಕ್ತರ ಬಳಗ, ಅವರಿಗೆಂದು ಲಂಗರ್ ಸಿದ್ಧ ಮಾಡಿಕೊಂಡಿತ್ತು. ಇಲ್ಲಿ ಗಾಡಿ ನಿಲ್ಲುವುದಿಲ್ಲ ಎಂದರು ಸ್ಟೇಷನ್ ಮಾಸ್ತರರು. ಜನ ಹಳಿಯ ಮೇಲೆ ಕೂತರು. ಭಾಯಿ ಕರಂ ಸಿಂಗ್, ಭಾಯಿ ಪ್ರತಾಪ್ ಸಿಂಗ್ ಎಂಬ ಇಬ್ಬರು ಚಕ್ರದಡಿ ಸಿಕ್ಕಿ ತೀರಿಹೋದರು. ಗಾಡಿ ನಿಂತಿತು. ಹಸಿದವರಿಗೆ ಊಟ ಸಿಕ್ಕಿತು. ಇವತ್ತು ಹೆದ್ದಾರಿಯಲ್ಲಿ ಬಸ್ಸು ನಿಲ್ಲಿಸಿ ಶರಬತ್ತು ಹಂಚುವ ಸಿಖ್ಖರನ್ನು ನೋಡಿದಾಗ ನನಗೆ ಈ ಹಳಿ ನೆನಪಾಗುತ್ತದೆ.

ಇಷ್ಟೆಲ್ಲ ಆದ ಮೇಲೆ 1925ರ ಜುಲೈನಲ್ಲಿ ಸಿಖ್ ಗುರುದ್ವಾರ ಕಾಯ್ದೆ ಬಂತು. ನವೆಂಬರ್ 1ರಿಂದ ಜಾರಿಯಾಯಿತು. ಮಹಂತರ ಜಾಗಕ್ಕೆ ಆಯ್ಕೆಯಾದ ಮಂಡಳಿ ಬಂತು. ಹೆಂಗಸರಿಗೂ ಗಂಡಸರಷ್ಟೇ ವೋಟಿನ ಹಕ್ಕು ಸಿಕ್ಕಿತು. ಸ್ವಾತಂತ್ರ್ಯ ಇನ್ನೂ ಇಪ್ಪತ್ತೆರಡು ವರ್ಷ ದೂರವಿದ್ದಾಗಿನ ಮಾತಿದು.

ದುಡ್ಡು ಎಲ್ಲಿಂದ ಬರುತ್ತೆ

ಅಮೃತಸರದ ಗುರು ರಾಮದಾಸ್ ಲಂಗರ್‌ನಲ್ಲಿ ಸಾಮಾನ್ಯ ದಿನಗಳಲ್ಲೇ 50,000ದಿಂದ 1 ಲಕ್ಷ ಜನ ಉಣ್ಣುತ್ತಾರೆ. ಹಬ್ಬದ ದಿನ ಇನ್ನೂ ಜಾಸ್ತಿ. ಹಗಲು ರಾತ್ರಿ ಒಲೆ ಆರುವುದಿಲ್ಲ. ರೋಟಿ ಮಾಡುವ ಯಂತ್ರಗಳಿವೆ. ಪಕ್ಕದಲ್ಲೇ ಹೆಂಗಸರು ಸಾಲಾಗಿ ಕೂತು ಲಟ್ಟಣಿಗೆಯಲ್ಲಿ ಒತ್ತುತ್ತಲೂ ಇರುತ್ತಾರೆ. ತಟ್ಟೆ ತೊಳೆಯುವ ಕಡೆ ಒಮ್ಮೆ ನಿಂತು ನೋಡಬೇಕು. ಉದ್ದನೆಯ ತೊಟ್ಟಿಗಳು, ಎರಡೂ ಕಡೆ ಜನ, ಸ್ಟೀಲಿನ ಸದ್ದಿನಲ್ಲಿ ಪಕ್ಕದವರ ಮಾತೂ ಕೇಳುವುದಿಲ್ಲ. ಅಲ್ಲಿ ತೊಳೆಯುತ್ತಿರುವವರಲ್ಲಿ ಸಂಬಳದವರು ಕಡಿಮೆ. ಊರಿಂದ ಬಂದ ರೈತ, ಅಂಗಡಿಯವರು, ರಜೆಗೆ ಬಂದ ಕೆನಡಾದ ಹುಡುಗಿ, ಯಾರು ಬೇಕಾದರೂ ಇರಬಹುದು. ಸೆರಗೋ ಪ್ಯಾಂಟೋ ಮೇಲೆ ಕಟ್ಟಿ ನಿಂತರೆ ಮುಗಿಯಿತು.

ಹಣದ ಮೂಲ ಮುಖ್ಯವಾಗಿ ಎರಡು. ಒಂದು ದಸ್ವಂಧ್, ಅಂದರೆ ದುಡಿದದ್ದರಲ್ಲಿ ಹತ್ತನೇ ಒಂದು ಪಾಲು. ಇನ್ನೊಂದು ಗೋಲಕ್, ನಮ್ಮ ಹುಂಡಿಯಂತೆ. ಇವಲ್ಲದೆ ಗುರುದ್ವಾರದ ಜಮೀನುಗಳಿವೆ, ಸುಗ್ಗಿಯಾದ ಮೇಲೆ ರೈತರು ತಂದು ಹಾಕುವ ಗೋಧಿ ಇದೆ. ಪಂಜಾಬಿಯಲ್ಲಿ ಒಂದು ಮಾತಿದೆ: ಗರೀಬ್ ದಾ ಮೂಹ್, ಗುರು ದೀ ಗೋಲಕ್. ಬಡವನ ಬಾಯೇ ಗುರುವಿನ ಹುಂಡಿ. ದುಡಿ, ನಾಮ ಜಪಿಸು, ಹಂಚಿ ಉಣ್ಣು ಎಂಬ ಗುರು ನಾನಕರ ಮೂರು ಮಾತುಗಳನ್ನು ಕೇಳಿದಾಗ ಕನ್ನಡದವರಿಗೆ ಕಾಯಕ, ದಾಸೋಹ ನೆನಪಾಗದೆ ಇರುವುದಿಲ್ಲ. ಬಸವಕಲ್ಯಾಣ ಮತ್ತು ನಾನಕ್ ಝೀರಾ ಎರಡೂ ಬೀದರ್ ಜಿಲ್ಲೆಯಲ್ಲೇ ಇವೆ ಅಲ್ವಾ. ಎರಡು ಪರಂಪರೆಗಳ ನಡುವೆ ಕೊಡುಕೊಳ್ಳುವಿಕೆ ಇತ್ತು ಅಂತ ನಾನು ಹೇಳುತ್ತಿಲ್ಲ. ಮೂರು ಶತಮಾನಗಳ ಅಂತರದಲ್ಲಿ ಇಬ್ಬರೂ ಭಕ್ತಿಯನ್ನು ದುಡಿಮೆಗೆ ಮತ್ತು ಊಟಕ್ಕೆ ಕಟ್ಟಿದರು, ಅಷ್ಟು ಮಾತ್ರ.

ಊಟದ ಸಾಲಿಗೆ ಪಂಗತ್ ಎನ್ನುತ್ತಾರೆ. ಮೂರನೇ ಗುರು ಅಮರದಾಸರು ಮೊದಲು ಪಂಗತ್, ಆಮೇಲೆ ಸಂಗತ್ ಎಂದು ನಿಯಮ ಮಾಡಿದರು. ನನ್ನನ್ನು ನೋಡಬೇಕಾದರೆ ಮೊದಲು ಎಲ್ಲರ ಜೊತೆ ಕೂತು ಉಣ್ಣು ಎಂದರ್ಥ. ಅಕ್ಬರನೂ ಹಾಗೇ ಉಂಡ ಎಂದು ಪರಂಪರೆ ಹೇಳುತ್ತದೆ. ಅದಕ್ಕೂ ಮೊದಲು ಎರಡನೇ ಗುರು ಅಂಗದರ ಕಾಲದಲ್ಲಿ ಲಂಗರ್ ನೋಡಿಕೊಂಡವರು ಅವರ ಪತ್ನಿ ಮಾತಾ ಖೀವಿ. ಅವರು ತುಪ್ಪ ಹಾಕಿ ಮಾಡುತ್ತಿದ್ದ ಖೀರಿನ ಮಾತು ಗುರು ಗ್ರಂಥ ಸಾಹಿಬ್‌ನಲ್ಲೇ ಬರುತ್ತದೆ.

ಲಂಗರ್‌ಗೆ ಸರ್ಕಾರದ ಜೊತೆಗೂ ಒಂದು ತಕರಾರು ಬಂದಿತ್ತು. 2017ರಲ್ಲಿ ಜಿಎಸ್‌ಟಿ ಬಂದಾಗ ತುಪ್ಪ, ಸಕ್ಕರೆಯಂಥ ಸಾಮಾನಿಗೆ ತೆರಿಗೆ ಬಿತ್ತು. ಗಲಾಟೆಯಾದ ಮೇಲೆ 2018ರಲ್ಲಿ ಕೇಂದ್ರ ಸರ್ಕಾರ ಸೇವಾ ಭೋಜ್ ಯೋಜನೆ ತಂದು ತನ್ನ ಪಾಲಿನ ತೆರಿಗೆ ವಾಪಸ್ ಕೊಡಲು ಒಪ್ಪಿತು. ಅದು ಗುರುದ್ವಾರಕ್ಕೆ ಮಾತ್ರವಲ್ಲ, ಉಚಿತವಾಗಿ ಅನ್ನದಾನ ಮಾಡುವ ದೇವಸ್ಥಾನ, ಮಸೀದಿ, ಚರ್ಚುಗಳಿಗೂ ಅನ್ವಯಿಸಿತು.

ಎಸ್‌ಜಿಪಿಸಿಯ 2025–26ರ ಬಜೆಟ್ ಸುಮಾರು 1,386 ಕೋಟಿ ರೂಪಾಯಿ. ಶಾಲೆ, ಕಾಲೇಜು, ಆಸ್ಪತ್ರೆ ಎಲ್ಲ ಇದರಲ್ಲಿ ಬರುತ್ತವೆ. ಹತ್ತು ರೂಪಾಯಿ, ಇಪ್ಪತ್ತು ರೂಪಾಯಿ ಗೋಲಕ್‌ಗೆ ಹಾಕಿ ಕೈಮುಗಿದು ಹೋದವರ ದುಡ್ಡೂ ಇದರಲ್ಲಿದೆ. ಆ ದುಡ್ಡನ್ನು ಯಾರು, ಹೇಗೆ ಖರ್ಚು ಮಾಡಬೇಕು ಎಂದು ಕೇಳಲು ಅವರಿಗಿರುವ ದಾರಿ ವೋಟು.

ಗಂಟು ಬಿದ್ದದ್ದು ಎಲ್ಲಿ

ಎಸ್‌ಜಿಪಿಸಿ ಜನರಲ್ ಹೌಸ್‌ನಲ್ಲಿ 191 ಸದಸ್ಯರು. ಅದರಲ್ಲಿ 170 ಮಂದಿ ಚುನಾಯಿತರು. 30 ಸ್ಥಾನ ಹೆಂಗಸರಿಗೆ, 20 ಸ್ಥಾನ ಪರಿಶಿಷ್ಟ ಜಾತಿಯವರಿಗೆ ಮೀಸಲು. 15 ಮಂದಿಯನ್ನು ನಾಮಕರಣ ಮಾಡಿಕೊಳ್ಳುತ್ತಾರೆ. ಉಳಿದವರು ತಖ್ತ್ ಎನ್ನುವ ಐದು ಧರ್ಮಪೀಠಗಳ ಮುಖ್ಯಸ್ಥರಾದ ಜತ್ಥೇದಾರರು ಮತ್ತು ದರ್ಬಾರ್ ಸಾಹಿಬ್‌ನಲ್ಲಿ ಗ್ರಂಥ ಓದುವ ಮುಖ್ಯ ಗ್ರಂಥಿ. ವೋಟು ಹಾಕಲು 21 ವರ್ಷ ಆಗಿರಬೇಕು, ಕೇಶ ಕತ್ತರಿಸಿರಬಾರದು, ತಂಬಾಕು ಮತ್ತು ಹೆಂಡ ಮುಟ್ಟುವುದಿಲ್ಲ ಎಂದು ಬರೆದುಕೊಡಬೇಕು.

ಜಗಳ ಶುರುವಾದದ್ದು ಈ ಕೇಶದ ವಿಷಯಕ್ಕೆ. ಸಿಖ್ ಧರ್ಮದಲ್ಲಿ ನಂಬಿಕೆ ಇದ್ದೂ ಕೇಶಧಾರಿಗಳಲ್ಲದವರಿಗೆ ಸಹಜಧಾರಿಗಳು ಎನ್ನುತ್ತಾರೆ. ಅವರಿಗೆ 1944ರಿಂದ ವೋಟು ಇತ್ತು. 2003ರಲ್ಲಿ ಕೇಂದ್ರ ಸರ್ಕಾರ ಒಂದು ಅಧಿಸೂಚನೆ ಹೊರಡಿಸಿ ಅದನ್ನು ಕಿತ್ತುಹಾಕಿತು. ಪ್ರಕರಣ ಹೈಕೋರ್ಟಿಗೆ ಹೋಯಿತು. 2011ರ ಸೆಪ್ಟೆಂಬರ್‌ನಲ್ಲಿ ಚುನಾವಣೆ ನಡೆದು ಮೂರೇ ತಿಂಗಳಿಗೆ ಹೈಕೋರ್ಟ್ ಆ ಅಧಿಸೂಚನೆಯನ್ನು ರದ್ದು ಮಾಡಿತು. ಗೆದ್ದವರು ಅಧಿಕಾರ ವಹಿಸಿಕೊಳ್ಳಲು ಆಗಲಿಲ್ಲ. ಹಳೆಯ ಕಾರ್ಯಕಾರಿ ಸಮಿತಿಯೇ ಮುಂದುವರಿಯಿತು. 2016ರಲ್ಲಿ ಸಂಸತ್ತು ಕಾಯ್ದೆಗೆ ತಿದ್ದುಪಡಿ ತಂದು, 2003ರಿಂದಲೇ ಅನ್ವಯವಾಗುವಂತೆ ಸಹಜಧಾರಿಗಳ ವೋಟು ತೆಗೆಯಿತು. ಆ ಮೇಲೆ ಸುಪ್ರೀಂ ಕೋರ್ಟ್ 2011ರ ಮಂಡಳಿಗೆ ಕೆಲಸ ಮಾಡಲು ದಾರಿ ಬಿಟ್ಟಿತು. ಅಂದರೆ ಐದು ವರ್ಷದ ಅವಧಿ ಶುರುವಾದದ್ದೇ ಐದು ವರ್ಷ ತಡವಾಗಿ.

ಅಲ್ಲಿಂದ ಲೆಕ್ಕ ಹಾಕಿದರೂ 2021ಕ್ಕೆ ಅವಧಿ ಮುಗಿಯಿತು. ಹೊಸ ಮತದಾರರ ನೋಂದಣಿ ಶುರುವಾದದ್ದು 2023ರ ಅಕ್ಟೋಬರ್ 21ಕ್ಕೆ. ಗಡುವು ಒಂದಲ್ಲ, ಹಲವು ಸಲ ಮುಂದೆ ಹೋಯಿತು.

ಯಾಕಿಷ್ಟು ನಿಧಾನ? ಚುನಾವಣೆಯ ಕೀಲಿಕೈ ಒಬ್ಬರ ಹತ್ತಿರ ಇಲ್ಲ. 1966ರಲ್ಲಿ ಪಂಜಾಬ್ ಒಡೆದ ಮೇಲೆ ಎಸ್‌ಜಿಪಿಸಿ ಒಂದಕ್ಕಿಂತ ಹೆಚ್ಚು ರಾಜ್ಯಗಳಿಗೆ ಸೇರಿದ ಸಂಸ್ಥೆಯಾಯಿತು. ಹಾಗಾಗಿ ಗುರುದ್ವಾರ ಚುನಾವಣೆಯ ಮುಖ್ಯ ಆಯುಕ್ತರನ್ನು ನೇಮಿಸುವುದು ದೆಹಲಿಯ ಗೃಹ ಇಲಾಖೆ. ಮತದಾರರ ಪಟ್ಟಿ ಮಾಡುವವರು ಪಂಜಾಬ್ ಸರ್ಕಾರದ ನೌಕರರು. ಅಧಿಕಾರದಲ್ಲಿ ಕೂತಿರುವುದು 2011ರಲ್ಲಿ ಗೆದ್ದವರು. ಈ ಮೂವರಲ್ಲಿ ಯಾರಿಗೂ ಅವಸರ ಇದ್ದಂತೆ ನನಗೆ ಕಾಣುವುದಿಲ್ಲ.

2011ರಲ್ಲಿ ಶಿರೋಮಣಿ ಅಕಾಲಿ ದಳ ಮತ್ತು ಅದರ ಜೊತೆಗಾರರು ಗೆದ್ದದ್ದು 170ರಲ್ಲಿ 157 ಸ್ಥಾನ. 2022ರ ವಿಧಾನಸಭೆ ಚುನಾವಣೆಯಲ್ಲಿ ಅದೇ ಪಕ್ಷಕ್ಕೆ ಸಿಕ್ಕಿದ್ದು 117ರಲ್ಲಿ 3. ಎರಡೂ ಒಂದೇ ಚುನಾವಣೆ ಅಲ್ಲ, ಮತದಾರರೂ ಪೂರ್ತಿ ಒಂದೇ ಅಲ್ಲ, ನಿಜ. ಆದರೂ ಪಂಜಾಬಿನ ಜನರ ಮನಸ್ಸು ಎಷ್ಟು ಬದಲಾಗಿದೆ ಎಂದು ಇದು ಹೇಳುತ್ತದೆ. ಗುರುದ್ವಾರಗಳ ಆಡಳಿತ ಮಾತ್ರ ಹಳೆಯ ಮನಸ್ಸಿನ ಲೆಕ್ಕದಲ್ಲೇ ನಡೆಯುತ್ತಿದೆ. 2011ರಲ್ಲಿ 20 ವರ್ಷದವನಾಗಿದ್ದ ಹುಡುಗನಿಗೆ ಈಗ 35ರ ಆಸುಪಾಸು. ಅವನು ತನ್ನ ಗುರುದ್ವಾರಕ್ಕೆ ಒಂದು ಸಲವೂ ವೋಟು ಹಾಕಿಲ್ಲ.

ಇದರ ಪರಿಣಾಮ ಬರೀ ಕಾಗದದ ಮೇಲಿಲ್ಲ, ಅಕಾಲ್ ತಖ್ತ್‌ವರೆಗೂ ಹೋಗಿದೆ. ಆರನೇ ಗುರು ಹರಗೋಬಿಂದರು 1606ರಲ್ಲಿ ಕಟ್ಟಿಸಿದ ಈ ತಖ್ತ್ ಸಿಖ್ಖರಿಗೆ ಅತಿ ಎತ್ತರದ ಪೀಠ. ಮಹಾರಾಜ ರಣಜಿತ್ ಸಿಂಗರನ್ನೂ ಇಲ್ಲಿಗೆ ಕರೆಸಿ ಶಿಕ್ಷೆ ಹೇಳಿದರು ಎಂಬ ಕಥೆಯನ್ನು ಸಿಖ್ಖರು ಹೆಮ್ಮೆಯಿಂದ ಹೇಳುತ್ತಾರೆ. 2024ರ ಡಿಸೆಂಬರ್ 2ರಂದು ಅಂಥದ್ದೇ ಒಂದು ದಿನ ಬಂತು. ಅಕಾಲಿ ದಳದ ನಾಯಕ, ಮಾಜಿ ಉಪಮುಖ್ಯಮಂತ್ರಿ ಸುಖಬೀರ್ ಸಿಂಗ್ ಬಾದಲ್ ಅವರಿಗೆ ಐವರು ಸಿಂಗ್ ಸಾಹಿಬಾನ್, ಅಂದರೆ ಜತ್ಥೇದಾರರು ಮತ್ತು ಗ್ರಂಥಿಗಳು, ತನ್ಖಾಹ್ ಎಂಬ ಧಾರ್ಮಿಕ ಶಿಕ್ಷೆ ವಿಧಿಸಿದರು. ಕಾಲು ಮುರಿದಿದ್ದ ಬಾದಲ್ ಗಾಲಿಕುರ್ಚಿಯಲ್ಲಿ ಕೂತು, ಕೊರಳಿಗೆ ಫಲಕ ಹಾಕಿಕೊಂಡು, ಕೈಯಲ್ಲಿ ಈಟಿ ಹಿಡಿದು ದರ್ಬಾರ್ ಸಾಹಿಬ್ ಬಾಗಿಲು ಕಾದರು. ಲಂಗರ್ ಪಾತ್ರೆ ತೊಳೆದರು. ಎರಡನೇ ದಿನವೇ ಅವರ ಮೇಲೆ ಗುಂಡಿನ ದಾಳಿ ನಡೆದು, ಕೂದಲೆಳೆಯಲ್ಲಿ ಉಳಿದರು.

ಅವರ ಮೇಲಿದ್ದ ತಪ್ಪುಗಳಲ್ಲಿ ಒಂದು ಗೋಲಕ್‌ಗೆ ಸಂಬಂಧಿಸಿದ್ದು. 2015ರಲ್ಲಿ ಡೇರಾ ಸಚ್ಚಾ ಸೌದಾ ಎಂಬ ಪಂಥದ ಮುಖ್ಯಸ್ಥನಿಗೆ ಅಕಾಲ್ ತಖ್ತ್ ಕ್ಷಮೆ ಕೊಟ್ಟಿತ್ತು. ಜನ ಸಿಟ್ಟಿಗೆದ್ದ ಮೇಲೆ ಕೆಲವೇ ವಾರಗಳಲ್ಲಿ ಅದನ್ನು ವಾಪಸ್ ಪಡೆಯಿತು. ಆ ಕ್ಷಮೆಯನ್ನು ಸಮರ್ಥಿಸಿ ಪತ್ರಿಕೆಗಳಲ್ಲಿ ಜಾಹೀರಾತು ಬಂದಿತ್ತು. ಖರ್ಚು ಸುಮಾರು 90 ಲಕ್ಷ ರೂಪಾಯಿ, ಎಸ್‌ಜಿಪಿಸಿ ದುಡ್ಡು. ಆ ಹಣವನ್ನು ಬಡ್ಡಿ ಸಮೇತ ತುಂಬಿಕೊಡಿ ಎಂದು ನಾಯಕರಿಗೆ ಆದೇಶವಾಯಿತು.

ಇಲ್ಲಿವರೆಗೆ ಕೇಳಲು ಚೆನ್ನಾಗಿದೆ. ಮುಂದಿನದ್ದು ನೋಡಿ. ಪಂಜಾಬಿನ ಮೂರು ತಖ್ತ್‌ಗಳ ಜತ್ಥೇದಾರರನ್ನು ನೇಮಿಸುವವರು, ತೆಗೆಯುವವರು ಎಸ್‌ಜಿಪಿಸಿ ಕಾರ್ಯಕಾರಿ ಸಮಿತಿ. ಅಲ್ಲಿ ಬಹುಮತ ಅಕಾಲಿ ದಳದ್ದು. ಬಾದಲ್‌ಗೆ ಶಿಕ್ಷೆ ಹೇಳಿದ ಆ ಐವರಲ್ಲಿ ಒಬ್ಬರಾದ ತಖ್ತ್ ದಮದಮಾ ಸಾಹಿಬ್‌ನ ಗ್ಯಾನಿ ಹರಪ್ರೀತ್ ಸಿಂಗ್ 2025ರ ಫೆಬ್ರವರಿಯಲ್ಲಿ ಹುದ್ದೆ ಕಳೆದುಕೊಂಡರು. ಮಾರ್ಚ್ 7ರಂದು ಅಕಾಲ್ ತಖ್ತ್‌ನ ಗ್ಯಾನಿ ರಘಬೀರ್ ಸಿಂಗ್, ಕೇಸಗಢ ಸಾಹಿಬ್‌ನ ಗ್ಯಾನಿ ಸುಲ್ತಾನ್ ಸಿಂಗ್ ಇಬ್ಬರನ್ನೂ ತೆಗೆದರು. ಎಸ್‌ಜಿಪಿಸಿ ತನ್ನದೇ ಕಾರಣಗಳನ್ನು ಕೊಟ್ಟಿತು. ಶಿಕ್ಷೆ ಹೇಳಿದ್ದಕ್ಕೇ ಹೀಗಾಯಿತು ಎಂದು ಸಂಗತ್‌ನಲ್ಲಿ ಬಹಳ ಜನ ನಂಬಿದರು. ಜತ್ಥೇದಾರರ ನೇಮಕ, ಅರ್ಹತೆ, ನಿವೃತ್ತಿಗೆ ಲಿಖಿತ ನಿಯಮಗಳು ಬೇಕು ಎಂಬ ಕೂಗು ಎದ್ದಿತು. ನನಗೂ ಅದು ಸರಿ ಎನಿಸುತ್ತದೆ. ಆದರೆ ನಿಯಮ ಬರೆಯುವವರೂ 2011ರವರೇ ಆದರೆ ಅದನ್ನು ಯಾರು ಒಪ್ಪುತ್ತಾರೆ?

ಬೇರೆ ಕಡೆಯೂ ಒಂದಿಷ್ಟು ನಡೆದಿದೆ. ಹರಿಯಾಣ 2014ರಲ್ಲಿ ತನ್ನದೇ ಕಾಯ್ದೆ ಮಾಡಿತು. 2022ರಲ್ಲಿ ಸುಪ್ರೀಂ ಕೋರ್ಟ್ ಅದನ್ನು ಎತ್ತಿಹಿಡಿಯಿತು. 2025ರ ಜನವರಿ 19ರಂದು 40 ಸ್ಥಾನಗಳಿಗೆ ಮತದಾನವೂ ಆಯಿತು. ಮನಸ್ಸು ಮಾಡಿದರೆ ಚುನಾವಣೆ ಮಾಡಬಹುದು ಅಂತಾಯಿತಲ್ಲ. ನಮಗೆ ಹತ್ತಿರದ ನಾಂದೇಡ್‌ನಲ್ಲಿ ಕಥೆ ಬೇರೆ. ಅಲ್ಲಿನ ತಖ್ತ್ ಹಜೂರ್ ಸಾಹಿಬ್ 1956ರ ಕಾಯ್ದೆಯ ಪ್ರಕಾರ ನಡೆಯುತ್ತದೆ. 2024ರ ಫೆಬ್ರವರಿಯಲ್ಲಿ ಮಂಡಳಿಗೆ ಸರ್ಕಾರ ನೇಮಿಸುವ ಸದಸ್ಯರ ಸಂಖ್ಯೆ ಹೆಚ್ಚಿಸಲು ಮಹಾರಾಷ್ಟ್ರ ಹೊರಟಾಗ ಸಿಖ್ಖರು ಬೀದಿಗಿಳಿದರು. ಸರ್ಕಾರ ಅದನ್ನು ತಡೆಹಿಡಿಯಿತು.

ಪಂಗತ್‌ನಲ್ಲಿ ಇನ್ನೂ ಇರುವ ಬಿರುಕು

ವೋಟು ಬಂದರೆ ಎಲ್ಲ ಸರಿಹೋಗುತ್ತದೆ ಎಂದು ನಾನು ನಂಬುವುದಿಲ್ಲ. ಪಂಜಾಬಿನ ಎಷ್ಟೋ ಹಳ್ಳಿಗಳಲ್ಲಿ ದಲಿತ ಸಿಖ್ಖರಿಗೆ ಬೇರೆ ಗುರುದ್ವಾರ, ಬೇರೆ ಸ್ಮಶಾನ ಇವೆ. ಗುರು ಗ್ರಂಥ ಸಾಹಿಬ್‌ನಲ್ಲಿ ಚಮ್ಮಾರ ರವಿದಾಸರ, ನೇಕಾರ ಕಬೀರರ ಪದಗಳಿವೆ. 1699ರಲ್ಲಿ ಗುರು ಗೋಬಿಂದ್ ಸಿಂಗರ ಕರೆಗೆ ತಲೆ ಕೊಡಲು ಮುಂದೆ ಬಂದ ಐವರು ಪಂಜ್ ಪ್ಯಾರೆಗಳಲ್ಲಿ ಒಬ್ಬರು ನಮ್ಮ ಬೀದರ್‌ನ ಭಾಯಿ ಸಾಹಿಬ್ ಸಿಂಗ್, ಕ್ಷೌರಿಕ ಮನೆತನದವರು. ಇಷ್ಟೆಲ್ಲ ಇದ್ದೂ ಹಳ್ಳಿಯಲ್ಲಿ ಗೋಡೆ ಉಳಿದಿದೆ.

ಹೆಂಗಸರ ವಿಷಯವೂ ಹಾಗೇ. 1925ರಲ್ಲೇ ವೋಟು ಸಿಕ್ಕಿತು. 1999ರಲ್ಲಿ ಬೀಬಿ ಜಾಗೀರ್ ಕೌರ್ ಎಸ್‌ಜಿಪಿಸಿಯ ಮೊದಲ ಮಹಿಳಾ ಅಧ್ಯಕ್ಷೆಯೂ ಆದರು. ಆದರೆ ದರ್ಬಾರ್ ಸಾಹಿಬ್ ಒಳಗೆ ಹೆಂಗಸರಿಗೆ ಕೀರ್ತನ ಹಾಡಲು ಬಿಡುವುದಿಲ್ಲ. ಬಿಡಬೇಕು ಎಂದು 2019ರ ನವೆಂಬರ್‌ನಲ್ಲಿ ಪಂಜಾಬ್ ವಿಧಾನಸಭೆ ನಿರ್ಣಯ ಮಾಡಿ ಕೇಳಿಕೊಂಡಿತು. ಮಾತಾ ಖೀವಿಯ ಹೆಸರು ಆ ಒಳಗೇ ಓದುವ ಗ್ರಂಥದಲ್ಲಿದೆ. ಅದನ್ನು ಹಾಡುವ ಹಕ್ಕನ್ನು ಅವರ ಮೊಮ್ಮಕ್ಕಳಿಗೆ ಇಲ್ಲವೆನ್ನಲು ನನಗೆ ಕಾರಣ ಸಿಗುವುದಿಲ್ಲ. ಮೀಸಲಾದ 30 ಸ್ಥಾನಗಳಿಗೆ ಹೊಸ ತಲೆಮಾರಿನ ಹೆಂಗಸರು ಬಂದರೆ ಈ ಮಾತು ಸಭೆಯೊಳಗೇ ಏಳುತ್ತದೆ. ಹೊರಗಿನವರ ಒತ್ತಾಯಕ್ಕಿಂತ ಅದು ಒಳ್ಳೆಯದು.

ಎಸ್‌ಜಿಪಿಸಿ ಸಭೆ ಸೇರುವುದು ಅಮೃತಸರದ ತೇಜಾ ಸಿಂಗ್ ಸಮುಂದ್ರಿ ಹಾಲ್‌ನಲ್ಲಿ. ಯಾರು ಈ ಸಮುಂದ್ರಿ? 1925ರಲ್ಲಿ ಕಾಯ್ದೆ ಬಂದಾಗ ಅಕಾಲಿ ನಾಯಕರು ಜೈಲಿನಲ್ಲಿದ್ದರು. ಕಾಯ್ದೆಯ ಪ್ರಕಾರ ನಡೆದುಕೊಳ್ಳುತ್ತೇವೆ ಎಂದು ಬರೆದುಕೊಟ್ಟರೆ ಬಿಡುತ್ತೇವೆ ಎಂದಿತು ಸರ್ಕಾರ. ಕೆಲವರು ಬರೆದುಕೊಟ್ಟು ಹೊರಗೆ ಬಂದರು. ಷರತ್ತಿನ ಬಿಡುಗಡೆ ಬೇಡ ಎಂದು ಒಳಗೇ ಉಳಿದವರಲ್ಲಿ ತೇಜಾ ಸಿಂಗ್ ಒಬ್ಬರು. 1926ರ ಜುಲೈನಲ್ಲಿ ಅವರು ಲಾಹೋರ್ ಜೈಲಿನಲ್ಲೇ ತೀರಿಕೊಂಡರು. ಅವರ ಹೆಸರಿನ ಆ ಹಾಲ್‌ನಲ್ಲಿ ಪ್ರತಿ ವರ್ಷ ಅಧ್ಯಕ್ಷರ ಆಯ್ಕೆ ನಡೆಯುತ್ತದೆ. 2025ರ ನವೆಂಬರ್‌ನಲ್ಲೂ ನಡೆಯಿತು. ಅಲ್ಲಿ ವೋಟು ಹಾಕುವವರು 2011ರಲ್ಲಿ ಗೆದ್ದವರೇ. ಅವರಲ್ಲಿ ಹಲವರು ಈಗ ಬದುಕಿಲ್ಲ, ಆ ಕುರ್ಚಿಗಳು ಖಾಲಿ ಇವೆ. ಕೆಲವೇ ಹೆಜ್ಜೆ ಆಚೆ ಲಂಗರ್ ಇದೆ, ಅಲ್ಲಿ ಒಂದು ಪಂಗತ್ ಎದ್ದ ಕೂಡಲೇ ನೆಲ ಒರೆಸಿ ಮುಂದಿನವರನ್ನು ಕೂರಿಸುತ್ತಾರೆ.